ಹೊಗೆ ಮೊದಲು ಕಂಡವರ ಕೈಯಲ್ಲಿ ಏನಿದೆ?

ಬೆಂಕಿ ಆರಿಸುವ ಕೆಲಸದ ನಾಳೆಯ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಯಂತ್ರ. 2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚು ಹೊತ್ತಿ ಉರಿದಾಗ, ಮನುಷ್ಯರು ನಿಲ್ಲಲಾರದ ಜಾಗದಲ್ಲಿ ನೀರು ಹಾಯಿಸಿದ್ದು ಕೊಲೋಸಸ್ ಎಂಬ ರೋಬೋಟು. ದೆಹಲಿಯ ಅಗ್ನಿಶಾಮಕ ಸೇವೆಗೂ 2022ರಲ್ಲಿ ಅಂಥ ಎರಡು ರೋಬೋಟುಗಳು ಬಂದವು. ಬೆಂಗಳೂರಿನಲ್ಲಿ 90 ಮೀಟರ್ ಎತ್ತರಕ್ಕೆ ಏರಬಲ್ಲ ಏಣಿ ವಾಹನವಿದೆ. 2010ರ ಫೆಬ್ರವರಿಯಲ್ಲಿ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಜೀವ ಕಳೆದುಕೊಂಡದ್ದನ್ನು ಮರೆಯದವರು ಆ ಏಣಿಯ ಅಗತ್ಯವನ್ನು ಪ್ರಶ್ನಿಸಲಾರರು. ನಾನೂ ಪ್ರಶ್ನಿಸುವುದಿಲ್ಲ.

ಆದರೆ ನನ್ನ ಯೋಚನೆ ಪಣಕಹಳ್ಳಿಯ ಕಡೆಗಿದೆ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ, ಕನ್ನಡ ಮಾತಾಡುವ ತಾಳವಾಡಿ ಸೀಮೆಯ ಊರು ಅದು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದೂ ಇದೇ ಸೀಮೆಯಲ್ಲಿ. ರಾಗಿ, ಜೋಳ, ಕಬ್ಬು, ಅರಿಸಿನ, ಎಲೆಕೋಸು ಬೆಳೆಯುವ ಹೊಲಗಳ ಆಚೆಗೆ ಕಾಡು. ಆ ಕಾಡು ಸತ್ಯಮಂಗಲ ಹುಲಿ ಮೀಸಲಿನದು; 2013ರಲ್ಲಿ ಘೋಷಣೆಯಾದ, 1,400 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು. ಅದು ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮುದುಮಲೆಗಳ ಜೊತೆ ಹೊಂದಿಕೊಂಡೇ ಇದೆ. ಜಿಲ್ಲಾ ಕೇಂದ್ರದಿಂದ ಇಲ್ಲಿಗೆ ಬರುವವರು ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ಹಿಮ್ಮುರಿ ತಿರುವುಗಳನ್ನು ಹತ್ತಿ ಬರಬೇಕು. ಒಂದು ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಹಿಂದೆ ಮುಂದೆ ಏನೂ ಅಲುಗಾಡುವುದಿಲ್ಲ. ಈರೋಡಿನಲ್ಲಿ ಎಂಥ ರೋಬೋಟು ತಂದು ನಿಲ್ಲಿಸಿದರೂ, ಪಣಕಹಳ್ಳಿಯ ಹುಲ್ಲಿನ ಮೆದೆಗೋ ಗುಡಿಸಲಿಗೋ ಬಿದ್ದ ಬೆಂಕಿಗೆ ಅದು ಬಂದು ಸೇರುವಾಗ ಆರಿಸಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು: ನಾಳೆಯ ತಂತ್ರಜ್ಞಾನ ಎಷ್ಟು ಬಲಶಾಲಿ ಎಂಬುದಕ್ಕಿಂತ, ಬೆಂಕಿಯ ಜಾಗಕ್ಕೆ ಮೊದಲು ತಲುಪುವ ಮನುಷ್ಯನಿಗೆ ಅದು ಏನು ಕೊಡುತ್ತದೆ ಎಂಬುದನ್ನು ನಾವು ಕೇಳಬೇಕು. ಬೆಟ್ಟದ ಊರುಗಳಲ್ಲಿ ಮೊದಲು ತಲುಪುವವರು ಅಕ್ಕಪಕ್ಕದ ಮನೆಯವರು, ದನ ಮೇಯಿಸುವವರು, ಪೋಡುಗಳೆಂಬ ಕಾಡಿನ ಹಾಡಿಗಳಲ್ಲಿರುವ ಸೋಲಿಗರು, ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ಸೇರಿಕೊಂಡ ಬೆಂಕಿ ಕಾವಲುಗಾರರು. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಕ್ಕಿ 23 ಮಂದಿ ಸತ್ತರು. ವಾಯುಪಡೆಯ ಹೆಲಿಕಾಪ್ಟರು ಬಂತು, ಕಮಾಂಡೊಗಳು ಬಂದರು. ಆದರೆ ಅದಕ್ಕೆ ಮೊದಲು ಕತ್ತಲಲ್ಲಿ ಆ ಇಳಿಜಾರು ಹತ್ತಿ ಸುಟ್ಟ ಮೈಗಳನ್ನು ಹೊತ್ತು ತಂದವರಲ್ಲಿ ಸುತ್ತಲಿನ ಊರಿನವರಿದ್ದರು.

ನಮಗೆ ಇನ್ನೂ ಹತ್ತಿರದ ನೆನಪು ಬಂಡೀಪುರದ್ದು. 2019ರ ಫೆಬ್ರವರಿ 21ರ ಸುಮಾರಿಗೆ ಗೋಪಾಲಸ್ವಾಮಿ ಬೆಟ್ಟದ ಕಡೆ ಹೊತ್ತಿದ ಬೆಂಕಿ ದಿನ ದಿನಕ್ಕೂ ಬೆಳೆದು ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ದೊಡ್ಡ ಬಕೆಟ್ ತೂಗಿಸಿಕೊಂಡು ನೀರು ಸುರಿಯಲು ಬಂದದ್ದು 25ರಂದು. ಟಿವಿಯಲ್ಲಿ ನಾಡಿಗೆಲ್ಲ ಕಂಡದ್ದು ಆ ಹೆಲಿಕಾಪ್ಟರುಗಳು. ಅವಕ್ಕಿಂತ ಮೊದಲಿನ ನಾಲ್ಕು ದಿನ ಹಸಿ ಸೊಪ್ಪಿನ ಕೊಂಬೆ ಹಿಡಿದು ನೆಲ ಬಡಿಯುತ್ತಿದ್ದವರು ಅಷ್ಟಾಗಿ ಕಾಣಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಬೆಂಕಿಯಲ್ಲೇ ತೀರಿಕೊಂಡಿದ್ದ. 2023ರಲ್ಲಿ ಸಕಲೇಶಪುರದ ಕಾಡುಮನೆಯಲ್ಲಿ ಇನ್ನೊಬ್ಬ. ಇವರ ಕೈಯಲ್ಲಿ ಏನಿತ್ತು, ಮೈಮೇಲೆ ಏನಿತ್ತು, ಗಾಳಿ ತಿರುಗುತ್ತಿದೆ ಎಂದು ಅವರಿಗೆ ಹೇಳುವ ವ್ಯವಸ್ಥೆ ಯಾವುದಿತ್ತು? ಭವಿಷ್ಯದ ತಂತ್ರಜ್ಞಾನದ ಚರ್ಚೆ ಶುರುವಾಗಬೇಕಾದದ್ದು ಈ ಪ್ರಶ್ನೆಗಳಿಂದ.

ಸುದ್ದಿ ಮುಟ್ಟುವ ಹೊತ್ತನ್ನು ಕಡಿಮೆ ಮಾಡುವುದು ತಂತ್ರಜ್ಞಾನ ನಿಜವಾಗಿ ಮಾಡಬಲ್ಲ ದೊಡ್ಡ ಉಪಕಾರ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದಲೂ ಉಪಗ್ರಹ ಕಂಡ ಬೆಂಕಿಯ ಸುದ್ದಿಯನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಮೊದಲು ಬಳಸುತ್ತಿದ್ದ ಮೋಡಿಸ್ ಉಪಕರಣದ ಒಂದು ಚುಕ್ಕೆ ಎಂದರೆ ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಆಮೇಲೆ ಬಂದ ವಿಐಐಆರ್‌ಎಸ್‌ನದು 375 ಮೀಟರ್. ಲೆಕ್ಕ ಹಾಕಿ ನೋಡಿದರೆ ಆ ಒಂದು ಚುಕ್ಕೆಯೊಳಗೆ ಸುಮಾರು 35 ಎಕರೆ ಇದೆ. ಆ 35 ಎಕರೆಯ ಯಾವ ಹಳ್ಳದಲ್ಲಿ, ಯಾವ ಏರಿನಲ್ಲಿ ಬೆಂಕಿ ಇದೆ ಎಂದು ಅದು ಹೇಳದು. ಇನ್ನೂ ಮುಖ್ಯವಾದದ್ದು ಹೊತ್ತಿನ ಪ್ರಶ್ನೆ. ಈ ಉಪಗ್ರಹಗಳು ಒಂದು ಜಾಗದ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಮಧ್ಯಾಹ್ನದ ಸರದಿ ಮುಗಿದ ಮೇಲೆ ಮೂರು ಗಂಟೆಗೆ ಹೊತ್ತಿದ ಬೆಂಕಿಯನ್ನು ಮುಂದಿನ ಸರದಿಯಲ್ಲಿ ಕಾಣುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಶಿವರಾತ್ರಿ ಕಳೆದ ಮೇಲಿನ ಒಣ ಗಾಳಿಗೆ ಬೆಂಕಿ ಅಷ್ಟರಲ್ಲಿ ಎರಡು ಗುಡ್ಡ ದಾಟಿರುತ್ತದೆ.

ಈ ಕೊರತೆ ಬೇಗ ನೀಗಲಿದೆ ಎಂಬ ಭರವಸೆ ಇದೆ. 2025ರ ಮಾರ್ಚಿನಲ್ಲಿ ಫೈರ್‌ಸ್ಯಾಟ್ ಎಂಬ ಯೋಜನೆಯ ಮೊದಲ ಉಪಗ್ರಹ ಆಕಾಶಕ್ಕೆ ಹೋಯಿತು. ಗೂಗಲ್ ಸೇರಿದಂತೆ ಹಲವರು ಕೂಡಿ ನಡೆಸುತ್ತಿರುವ ಈ ಯೋಜನೆಯ ಗುರಿ ಐವತ್ತಕ್ಕೂ ಹೆಚ್ಚು ಉಪಗ್ರಹಗಳನ್ನು ಬಿಟ್ಟು, ಐದು ಮೀಟರ್ ಉದ್ದಗಲದ ಬೆಂಕಿಯನ್ನೂ ಇಪ್ಪತ್ತು ನಿಮಿಷದೊಳಗೆ ಗುರುತಿಸುವುದು. ಐದು ಮೀಟರ್ ಎಂದರೆ ಒಂದು ಕೋಣೆಯಷ್ಟು ಜಾಗ. ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟಗಳ ಮೇಲೆ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳನ್ನು ನಿಲ್ಲಿಸಿ, ಕೃತಕ ಬುದ್ಧಿಮತ್ತೆಯಿಂದ ಹೊಗೆ ಹುಡುಕಿಸುತ್ತಿದ್ದಾರೆ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲಿನಲ್ಲಿಯೂ 2024ರಲ್ಲಿ ಅಂಥ ಕ್ಯಾಮೆರಾ ಬಂತು. ದಿಂಬಂ ನೆತ್ತಿಯ ಮೇಲೂ ನಾಳೆ ಒಂದು ನಿಲ್ಲಬಹುದು, ನಿಲ್ಲಲಿ.

ಆದರೆ ಸುದ್ದಿ ಯಾರ ಫೋನಿಗೆ ಬಂದು ಬೀಳಬೇಕು? ಡೆಹ್ರಾಡೂನಿನಿಂದ ಚೆನ್ನೈಗೆ, ಅಲ್ಲಿಂದ ವಿಭಾಗ ಕಚೇರಿಗೆ, ಅಲ್ಲಿಂದ ವಲಯಕ್ಕೆ, ಅಲ್ಲಿಂದ ಕಾವಲುಗಾರನಿಗೆ ಎಂದು ಮೆಟ್ಟಿಲು ಇಳಿಯುತ್ತ ಬಂದರೆ, ಆಕಾಶದಲ್ಲಿ ಉಳಿಸಿದ ಹೊತ್ತು ನೆಲದ ಮೇಲೆ ಕಳೆದುಹೋಗುತ್ತದೆ. ಅರಣ್ಯ ಸರ್ವೇಕ್ಷಣ ಸಂಸ್ಥೆಯ ಬೆಂಕಿ ಸಂದೇಶಕ್ಕೆ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು ಎಂಬುದು ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಪಂಚಾಯಿತಿಯೇ ಮುಂದೆ ನಿಂತು ಪ್ರತಿ ಊರಿನ, ಪ್ರತಿ ಪೋಡಿನ ನಾಲ್ಕು ಜನರ ನಂಬರು ಸೇರಿಸಿದರೆ ಅದಕ್ಕೆ ಕಾಸಿನ ಖರ್ಚಿಲ್ಲ.

ಸುದ್ದಿ ಇದ್ದರೂ ಕೈ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಂಕೋಲದ ಶಿರೂರು ತೋರಿಸಿಕೊಟ್ಟಿದೆ. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ನೆಲದೊಳಗೆ ಇಣುಕುವ ರಾಡಾರು ಬಂತು, ಡ್ರೋನು ಬಂತು, ಕಾಣೆಯಾಗಿದ್ದ ಲಾರಿ ಗಂಗಾವಳಿ ನದಿಯ ಒಡಲಲ್ಲಿದೆ ಎಂಬ ಸುಳಿವೂ ಸಿಕ್ಕಿತು. ಹೊಳೆಯ ಸೆಳವಿನಲ್ಲಿ ಮುಳುಗುಗಾರರಿಗೆ ನಿಲ್ಲಲಾಗಲಿಲ್ಲ. ಗೋವಾದಿಂದ ಹೂಳೆತ್ತುವ ಯಂತ್ರ ಬಂದು ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಹೆದ್ದಾರಿಗೆಂದು ಗುಡ್ಡವನ್ನು ಯಾಕೆ ಹಾಗೆ ಕಡಿದಿದ್ದರು ಎಂಬ ಪ್ರಶ್ನೆಯನ್ನು ಯಾವ ರಾಡಾರೂ ಕೇಳಲಾರದು. ಅದನ್ನು ನಾವೇ ಕೇಳಬೇಕು.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುವ ಮಾತಿಗೆ ಬರುತ್ತೇನೆ. ಐದು ಮೀಟರಿನ ಬೆಂಕಿಯನ್ನೂ ಕಾಣುವ ಕಣ್ಣು ಆಕಾಶದಲ್ಲಿ ತೆರೆದುಕೊಂಡಾಗ, ಅದು ಕಂಡ ಪ್ರತಿ ಕಿಡಿಯನ್ನೂ ನಾವು ಶತ್ರು ಎಂದೇ ಬರೆದುಕೊಳ್ಳುತ್ತೇವೆಯೆ? ಹಾಗೆ ಬರೆದುಕೊಂಡರೆ ಈ ಸೀಮೆಯ ಒಂದು ದೊಡ್ಡ ತಿಳಿವಳಿಕೆಗೆ ಕೊನೆಯ ಮೊಳೆ ಹೊಡೆದಂತೆ.

ಬಿಳಿಗಿರಿರಂಗನ ಬೆಟ್ಟದಿಂದ ಸತ್ಯಮಂಗಲದವರೆಗಿನ ಕಾಡಿನಲ್ಲಿ ಬಾಳಿದ ಸೋಲಿಗರಿಗೆ ತರಗು ಬೆಂಕಿ ಎಂಬ ಪದ್ಧತಿ ಇತ್ತು. ಚಳಿಗಾಲ ಮುಗಿಯುತ್ತ ಬಂದಂತೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ಉದುರಿದ ತರಗೆಲೆಗೆ ಅವರು ಅಲ್ಲಲ್ಲಿ ಬೆಂಕಿ ಹಚ್ಚುತ್ತಿದ್ದರು. ಆ ಬೆಂಕಿ ಮೊಣಕಾಲೆತ್ತರ ಏಳುವುದಿಲ್ಲ, ನೆಲ ನೆಕ್ಕಿಕೊಂಡು ಹೋಗಿ ಸಂಜೆಯ ಮಂಜಿಗೆ ತಾನೇ ಸೊರಗುತ್ತದೆ. ಮರದ ತೊಗಟೆ ಕಪ್ಪಾಗುತ್ತದೆಯೇ ಹೊರತು ಮರ ಸಾಯುವುದಿಲ್ಲ. ಉಣುಗು ಕಡಿಮೆಯಾಗುತ್ತದೆ, ಹೊಸ ಹುಲ್ಲು ಚಿಗುರುತ್ತದೆ, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ ಹತೋಟಿಯಲ್ಲಿರುತ್ತದೆ ಎಂಬುದು ಅವರ ಅನುಭವದ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಮಾರ್ಚ್ ತಿಂಗಳ ದೊಡ್ಡ ಬೆಂಕಿಗೆ ತಿನ್ನಲು ನೆಲದ ಮೇಲೆ ಏನೂ ಉಳಿದಿರುವುದಿಲ್ಲ.

1972ರ ವನ್ಯಜೀವಿ ಕಾಯಿದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ಅಪರಾಧವೆಂದಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಅಲ್ಲಿ ತರಗು ಬೆಂಕಿ ನಿಂತಿತು. ತರಗು ಬೆಂಕಿ ನಿಂತ ಕಾಡಿನಲ್ಲಿ ಲಂಟಾನ ಎಂಬ ಕಳೆ ಹಬ್ಬಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಆ ಬೆಟ್ಟದಲ್ಲಿ ಅಳೆದು ನೋಡಿದಾಗ, 1997ರಿಂದ 2008ರ ನಡುವೆ ಲಂಟಾನ ಇರುವ ಜಾಗಗಳು ಸುಮಾರು ಇಮ್ಮಡಿಯಾಗಿದ್ದವು. ಲಂಟಾನ ಪೊದೆಯಾಗಿ ನಿಲ್ಲುವುದಿಲ್ಲ, ಮರದ ಕೊಂಬೆ ಹಿಡಿದು ಮೇಲೇರುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಅದೇ ನೆಲದ ಬೆಂಕಿಯನ್ನು ಮರದ ನೆತ್ತಿಗೆ ಹತ್ತಿಸುವ ಏಣಿ. ಇವತ್ತು ನಾವು ಹೆಲಿಕಾಪ್ಟರು ತಂದು ಆರಿಸಬೇಕಾಗಿ ಬಂದಿರುವ ಬೆಂಕಿಗಳಲ್ಲಿ ಒಂದು ಪಾಲನ್ನು ನಾವೇ, ಸಣ್ಣ ಬೆಂಕಿಗಳನ್ನೆಲ್ಲ ತಡೆದು, ಸಾಕಿ ಬೆಳೆಸಿದ್ದೇವೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೆಂಕಿ ಬಿದ್ದ ಕಡೆಯೂ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ದೊಡ್ಡ ಬೆಂಕಿ ಮರಗಳನ್ನು ಕೊಂದು ಬಿಸಿಲು ಬಿಟ್ಟರೆ ಅಲ್ಲಿ ಇನ್ನಷ್ಟು ದಟ್ಟವಾಗಿ ಬೆಳೆಯುತ್ತದೆ. ಬೆಂಕಿ ಲಂಟಾನವನ್ನು, ಲಂಟಾನ ಬೆಂಕಿಯನ್ನು ಬೆಳೆಸುವ ಈ ಚಕ್ರದ ಬಗ್ಗೆ ವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ಅಜ್ಜಂದಿರ ಕಾಲದ ಕಾಡು ಇವತ್ತಿಲ್ಲ, ಆದ್ದರಿಂದ ಅಜ್ಜಂದಿರ ಬೆಂಕಿಯನ್ನು ಇದ್ದ ಹಾಗೆಯೇ ತರಲಾಗದು ಎಂಬ ಮಾತು ನಿಜ. ಮೊದಲು ಲಂಟಾನ ಕಡಿದು, ಬೇರು ಕಿತ್ತು, ಆ ಜಾಗದಲ್ಲಿ ಹುಲ್ಲು ಬರಿಸಿ, ಆಮೇಲೆ ಮಾತ್ರ ತರಗು ಬೆಂಕಿಯ ಯೋಚನೆ. ನಾಳೆಯ ತಂತ್ರಜ್ಞಾನಕ್ಕೆ ಇಲ್ಲಿ ಕೈತುಂಬ ಕೆಲಸವಿದೆ. ಲಂಟಾನ ಎಲ್ಲಿ ಎಷ್ಟು ದಟ್ಟವಾಗಿದೆ ಎಂದು ಡ್ರೋನು ನಕ್ಷೆ ಬರೆಯಬಲ್ಲದು. ನೆಲದ ತೇವ, ಗಾಳಿಯ ದಿಕ್ಕು, ರಾತ್ರಿಯ ಮಂಜು ಇವನ್ನೆಲ್ಲ ಅಳೆದು, ಈ ಇಳಿಜಾರಿಗೆ ಈ ವಾರದಲ್ಲಿ ಹಚ್ಚಿದರೆ ಬೆಂಕಿ ತಾನಾಗಿ ಆರುತ್ತದೆ, ಮುಂದಿನ ವಾರ ಬೇಡ ಎಂದು ಲೆಕ್ಕ ಕಟ್ಟಬಲ್ಲದು. ಆ ಲೆಕ್ಕವನ್ನು ನಂಬಬೇಕೋ ಬೇಡವೋ ಎಂದು ಹೇಳಲು ಕಾಡು ಬಲ್ಲ ಒಬ್ಬ ಹಿರಿಯ ಜೊತೆಗಿರಬೇಕು, ಅಷ್ಟೇ.

ಇದು ಕನಸಲ್ಲ. ಆಸ್ಟ್ರೇಲಿಯಾದ ಉತ್ತರದ ಆರ್ನ್‌ಹೆಮ್ ಪ್ರದೇಶದಲ್ಲಿ 2006ರಿಂದ ಇದು ನಡೆಯುತ್ತಿದೆ. ಅಲ್ಲಿನ ಮೂಲನಿವಾಸಿಗಳು ಒಣಗಾಲದ ಮೊದಲಲ್ಲೇ ತಮ್ಮ ಹಿರಿಯರಂತೆ ಸಣ್ಣ ಬೆಂಕಿ ಹಚ್ಚುತ್ತಾರೆ. ಕೆಲವು ಕಡೆ ಹೆಲಿಕಾಪ್ಟರಿನಿಂದಲೇ ಹಚ್ಚುತ್ತಾರೆ. ಎಲ್ಲಿ ಸುಟ್ಟಿದೆ, ಎಲ್ಲಿ ಉಳಿದಿದೆ ಎಂದು ಉಪಗ್ರಹದ ನಕ್ಷೆಯಲ್ಲಿ ನೋಡಿಕೊಂಡು ಮುಂದಿನ ಹೆಜ್ಜೆ ಇಡುತ್ತಾರೆ. ಒಣಗಾಲದ ಕೊನೆಯ ದೊಡ್ಡ ಬೆಂಕಿಗಳು ಕಡಿಮೆಯಾದದ್ದರಿಂದ ಹೊಗೆಯೂ ಇಂಗಾಲವೂ ಕಡಿಮೆಯಾಗಿ, ಅದಕ್ಕೆಂದೇ ಅವರಿಗೆ ಹಣ ಬರುತ್ತದೆ. ಅದೇ ಉಪಗ್ರಹ, ಅದೇ ಚುಕ್ಕೆ. ಅಲ್ಲಿ ಅದು ಮೂಲನಿವಾಸಿಯ ಕೈಯಲ್ಲಿ ಕೆಲಸದ ಸಲಕರಣೆ. ಇಲ್ಲಿ ಅದೇ ಚುಕ್ಕೆ ಸೋಲಿಗರ ಹುಡುಗನ ಮೇಲೆ ಮೊಕದ್ದಮೆ ಹೂಡಲು ಸಾಕ್ಷಿಯಾದರೆ, ತಪ್ಪು ಉಪಗ್ರಹದ್ದಲ್ಲ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಸಿಕ್ಕ ದೇಶದ ಮೊದಲ ಜಾಗಗಳಲ್ಲಿ ಅದು ಒಂದು. ಕಾಡನ್ನು ನೋಡಿಕೊಳ್ಳುವ ಹಕ್ಕು ಇದೆ ಎಂದ ಮೇಲೆ, ಬೆಂಕಿಯನ್ನು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂಬ ತೀರ್ಮಾನದಲ್ಲಿ ಅವರಿಗೆ ಪಾಲು ಇರದಿದ್ದರೆ ಆ ಹಕ್ಕಿಗೆ ಅರ್ಥವೇನು?

ಕಾಡಿನಿಂದ ಊರಿಗೆ ಬಂದರೆ ಬೇರೆ ತೊಡಕು ಎದುರಾಗುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಅಂದಿನಿಂದ ಈ ಸೀಮೆಯ ಆಡಳಿತ ಘಾಟಿಯ ಕೆಳಗಿದೆ, ನೆಂಟಸ್ತಿಕೆ ಚಾಮರಾಜನಗರದ ಕಡೆಗಿದೆ. ಆಪತ್ತಿನ ಹೊತ್ತಿನಲ್ಲಿ ಇದು ಬರಿಯ ಇತಿಹಾಸದ ಮಾತಾಗಿ ಉಳಿಯುವುದಿಲ್ಲ. ಸತ್ಯಮಂಗಲಕ್ಕೆ ಹೋಗಬೇಕಾದರೆ ಘಾಟಿ ಇಳಿಯಬೇಕು. ಚಾಮರಾಜನಗರ ಅದಕ್ಕಿಂತ ಬಹಳ ಹತ್ತಿರ, ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. 2022ರಿಂದ ದಿಂಬಂ ರಸ್ತೆಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳ ಜೀವ ಉಳಿಸುವ ಆ ನಿರ್ಬಂಧ ಸರಿಯಾದದ್ದೇ, ಆಂಬುಲೆನ್ಸಿಗೆ ವಿನಾಯಿತಿಯೂ ಇದೆ. ಆದರೂ ಸುಟ್ಟ ಗಾಯದವರನ್ನೋ ಹೆರಿಗೆಯ ಹೆಣ್ಣನ್ನೋ ನಡುರಾತ್ರಿ 27 ತಿರುವು ಇಳಿಸುವುದಕ್ಕಿಂತ, ಸಮನೆಲದ ದಾರಿಯಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯುವುದು ಮೇಲಲ್ಲವೆ?

ಗಡಿಯ ಊರಿನಲ್ಲಿ ಮೊಬೈಲು ಯಾವ ರಾಜ್ಯದ ಟವರನ್ನು ಹಿಡಿಯುತ್ತದೆ ಎಂಬುದು ನಿಂತ ಜಾಗದ ಮೇಲೆ ಹೋಗುತ್ತದೆ. 101ಕ್ಕೋ 108ಕ್ಕೋ ಮಾಡಿದ ಕರೆ ಬೇರೆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಿ, ಅದು ನಮ್ಮ ವ್ಯಾಪ್ತಿಯಲ್ಲ ಎಂಬ ಉತ್ತರ ಬಂದರೆ ಕಳೆದುಹೋಗುವುದು ಜೀವ ಉಳಿಸುವ ನಿಮಿಷಗಳು. ಕರೆ ಮಾಡಿದವರು ನಿಂತ ಜಾಗವನ್ನು ತಾನೇ ಗುರುತಿಸಿ, ರಾಜ್ಯ ಯಾವುದೆಂದು ನೋಡದೆ, ಎಲ್ಲಕ್ಕಿಂತ ಹತ್ತಿರದ ವಾಹನವನ್ನು ಹೊರಡಿಸುವ ವ್ಯವಸ್ಥೆ ತಾಂತ್ರಿಕವಾಗಿ ಈಗಲೇ ಕಷ್ಟದ್ದಲ್ಲ. ಅದಕ್ಕೆ ಬೇಕಾದದ್ದು ಎರಡು ಸರ್ಕಾರಗಳ ಒಂದು ಸಹಿ. ಆ ಸಹಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನ ಕನ್ನಡಿಗರನ್ನು ಕೇಳಬೇಕು. 2020ರ ಮಾರ್ಚ್ ಕೊನೆಗೆ, ಕೋವಿಡ್ ಹೊತ್ತಿನಲ್ಲಿ, ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ, ಅದುವರೆಗೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜನ ದಾರಿಯಲ್ಲಿ ಸಿಕ್ಕಿಕೊಂಡರು, ಕೆಲವರು ತೀರಿಕೊಂಡರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಂಬುಲೆನ್ಸಿಗೆ ಏನೂ ಆಗಿರಲಿಲ್ಲ, ರಸ್ತೆಗೂ ಏನೂ ಆಗಿರಲಿಲ್ಲ.

ಭಾಷೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 2023ರ ಅಕ್ಟೋಬರಿನಲ್ಲಿ, ಬೇರೆ ಬೇರೆ ದಿನ, ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಮೊಬೈಲುಗಳು ಒಮ್ಮೆಲೇ ಜೋರಾಗಿ ಕೂಗಿಕೊಂಡವು. ಆಪತ್ತಿನ ಎಚ್ಚರಿಕೆಯನ್ನು ಒಂದು ಟವರಿನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಒಟ್ಟಿಗೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದು. ನನ್ನ ಎಣಿಕೆಯಲ್ಲಿ ಇದು ಯಾವ ರೋಬೋಟಿಗಿಂತಲೂ ದೊಡ್ಡ ಸಾಧನ. ಪಣಕಹಳ್ಳಿಯ ಟವರಿನಿಂದ ಈ ಸಂದೇಶ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಮಾತ್ರ ಹೊರಟರೆ, ಕನ್ನಡ ಮಾತ್ರ ಓದಬಲ್ಲ ಮುದುಕಿಗೆ ಅದು ಬರಿಯ ಸದ್ದು. ಓದಲಾರದವರಿಗಾಗಿ ಮಾತಿನಲ್ಲೇ ಹೇಳುವಂತೆ ಮಾಡಬಹುದು, ಕನ್ನಡದಲ್ಲಿ ಹೇಳಿಸಬಹುದು. ಸಂದೇಶ ಕಳಿಸುವ ಯಂತ್ರಕ್ಕೆ ಒಂದು ಭಾಷೆ ಹೆಚ್ಚಾದರೆ ಭಾರವಾಗುವುದಿಲ್ಲ. ಈರೋಡ್ ಜಿಲ್ಲೆಯ ಆಪತ್ತು ನಿರ್ವಹಣಾ ಯೋಜನೆಯಲ್ಲಿ ತಾಳವಾಡಿ ತಾಲ್ಲೂಕಿಗೆ ಕನ್ನಡದ ಸಂದೇಶಗಳನ್ನು ಮೊದಲೇ ಬರೆದಿಟ್ಟಿರಬೇಕು. ಆಪತ್ತು ಬಂದ ಹೊತ್ತಿನಲ್ಲಿ ಅನುವಾದಕರನ್ನು ಹುಡುಕಲಾಗದು.

ಹಾಗಾದರೆ ಹಣ ಎಲ್ಲಿಗೆ ಹೋಗಬೇಕು? ಬೇಸಿಗೆಯ ನಾಲ್ಕು ತಿಂಗಳಿಗೆಂದು ಕರೆಸಿಕೊಂಡು ಮಳೆ ಬಿದ್ದೊಡನೆ ಬಿಟ್ಟುಬಿಡುವ ಬೆಂಕಿ ಕಾವಲುಗಾರನ ಕಡೆಗೆ ಮೊದಲು. ಅವನಿಗೆ ಬೆಂಕಿ ತಡೆಯುವ ಬಟ್ಟೆ, ಗಟ್ಟಿ ಬೂಟು, ಬೆನ್ನಿಗೆ ಕಟ್ಟುವ ನೀರಿನ ಪಂಪು, ಟವರು ಸಿಗದ ಹಳ್ಳದಲ್ಲೂ ಕೆಲಸ ಮಾಡುವ ವೈರ್‌ಲೆಸ್ಸು, ಅವನು ಎಲ್ಲಿದ್ದಾನೆ ಎಂದು ತೋರಿಸುವ, ಗಾಳಿ ಅವನ ಕಡೆ ತಿರುಗಿದರೆ ಕೂಗಿ ಹೇಳುವ ಸಣ್ಣ ಸಾಧನ. ಮೇಲೆ ಹಾರುವ ಡ್ರೋನಿನ ಶಾಖದ ಕ್ಯಾಮೆರಾ ಕಂಡ ಚಿತ್ರ ಕಚೇರಿಯ ಗೋಡೆಯ ಪರದೆಗೆ ಹೋಗುವ ಮೊದಲು ಅವನ ಕೈಯ ಫೋನಿಗೆ ಬರಬೇಕು, ಏಕೆಂದರೆ ಹೊಗೆಯ ಆಚೆ ಬೆಂಕಿ ಎಷ್ಟು ಹತ್ತಿರವಿದೆ ಎಂದು ತಿಳಿಯಬೇಕಾದವನು ಅವನು. ಇದರ ಜೊತೆಗೆ ವರ್ಷವಿಡೀ ಕೆಲಸ, ವಿಮೆ, ಸುಟ್ಟರೆ ಚಿಕಿತ್ಸೆ. ಮಳೆಗಾಲದಲ್ಲಿ ಅವನಿಗೆ ಏನು ಕೆಲಸ ಎಂದು ಕೇಳುವವರಿಗೆ ಉತ್ತರ ಸುಲಭ: ನೆಲ ಮೆತ್ತಗಿರುವ ಆ ತಿಂಗಳುಗಳಲ್ಲೇ ಲಂಟಾನದ ಬೇರು ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಆ ಲಂಟಾನದಿಂದಲೇ ಕುರ್ಚಿ, ಬುಟ್ಟಿ ಮಾಡಿ ಮಾರುವುದನ್ನು ವರ್ಷಗಳ ಹಿಂದೆಯೇ ಕಲಿತಿದ್ದಾರೆ.

ಮುಂದಿನ ಬೆಂಕಿ ಕಾಲ ಶುರುವಾಗುವುದು ಜನವರಿಯಲ್ಲಿ. ಅದಕ್ಕೆ ಮೊದಲು, ಡಿಸೆಂಬರಿನಲ್ಲೇ, ಚಾಮರಾಜನಗರ ಮತ್ತು ಈರೋಡ್ ಜಿಲ್ಲೆಗಳ ಅರಣ್ಯ, ಅಗ್ನಿಶಾಮಕ ಮತ್ತು ಆರೋಗ್ಯ ಇಲಾಖೆಯವರು ತಾಳವಾಡಿಯಲ್ಲಿ ಒಂದೇ ಮೇಜಿಗೆ ಕೂರಬೇಕು. ಪೋಡುಗಳ ಹಿರಿಯರೂ ಪಣಕಹಳ್ಳಿಯಂಥ ಊರುಗಳ ಪಂಚಾಯಿತಿಯವರೂ ಆ ಮೇಜಿನಲ್ಲಿರಬೇಕು. ಯಾರ ನಂಬರಿಗೆ ಸುದ್ದಿ ಬರಬೇಕು, ಯಾವ ಗುಡ್ಡಕ್ಕೆ ಯಾರು ಹತ್ತಬೇಕು, ಗಾಯಾಳುವನ್ನು ಯಾವ ಆಸ್ಪತ್ರೆಗೆ ಒಯ್ಯಬೇಕು, ಯಾವ ಇಳಿಜಾರಿನಲ್ಲಿ ಈ ವರ್ಷ ಲಂಟಾನ ಕಿತ್ತಿದೆ, ಎಲ್ಲಿ ತರಗಿಗೆ ಬೆಂಕಿ ಬಿಟ್ಟು ನೋಡಬಹುದು ಎಂಬುದನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದು ಎರಡೂ ಕಡೆಯವರು ರುಜು ಹಾಕಬೇಕು. ಡ್ರೋನು ಎಷ್ಟು ಬೇಕು, ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬ ಪಟ್ಟಿ ಆ ಕಾಗದವನ್ನು ನೋಡಿಕೊಂಡು ತಯಾರಾಗಲಿ.